ಒಂಬತ್ತೂ ಚಿಲ್ಲರೆ

ಅಂಟ್ಸಿರಾಬೆ, ಜುಲೈ ಚಳಿ.
ಮೂರು ತಿಂಗಳ ಫಾನಿರಿಯ ಮುಂಗೈಯನ್ನು
ಉಸಿರೂದಿ ಬೆಚ್ಚಗೆ ಮಾಡುತ್ತೇನೆ,
ನರ ಸಿಕ್ಕರೆ ಚುಚ್ಚಲಿಕ್ಕೆ.

ಸಿಕ್ಕಿತು.
ಸೀಳುತುಟಿಯ ಎರಡೂ ದಡದಿಂದ ಅಳು,
ಮೂಗಿನಿಂದಲೂ ಒಂದಿಷ್ಟು.

ಹತ್ತಿರಬೇಕು ಎನ್ನುತ್ತದೆ ಗೋಡೆಯ ಚೀಟಿ.
ಯಂತ್ರದ ಲೆಕ್ಕ ಒಂಬತ್ತೂ ಚಿಲ್ಲರೆ.
ತುಟಿ ಹೊಲಿಯುವಾಗ ಹೋಗುವುದು
ಒಂದೆರಡು ಚಮಚ ನೆತ್ತರು, ಅಷ್ಟೇ;
ಅರ್ಧ ಚಮಚ ಆಗಲೇ ನನ್ನ ಸೀಸೆಯಲ್ಲಿದೆ.

ವುಲುಲುನಾ, ತಾಯಿ,
ಎರಡು ರಾತ್ರಿ ಎತ್ತಿನಗಾಡಿಯಲ್ಲಿ ಬಂದವಳು,
ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು:
"ಆ ಚಿಲ್ಲರೆ ನನ್ನ ಹತ್ತಿರ ತಗೊಳ್ಳಿ."

ಡಾಕ್ಟರು ಕಾಗದ ಓದಿದರು,
ಮತ್ತೊಮ್ಮೆ ಓದಿದರು,
ಮಗುವಿನ ಕೆಳರೆಪ್ಪೆ ಎಳೆದು ನೋಡಿದರು.
ಮಾತಾಡಲಿಲ್ಲ.

ರಕ್ತ ಯಾವಾಗಲೋ ನಿಂತಿತ್ತು.
ನಾನು ಮಾತ್ರ ಆ ಪುಟ್ಟ ಮುಂಗೈಗೆ
ಹತ್ತಿ ಒತ್ತಿಕೊಂಡೇ ಇದ್ದೆ.