ಬಿಸಿಲಿಗೆ ಹಿಡಿದು ನೋಡು

ಬಣ್ಣದ ವಿಷಯದಲ್ಲಿ ಅಂಗಡಿಯ ಟ್ಯೂಬ್‌ಲೈಟ್ ನಂಬಬಾರದು.
ಲೈನಿಂಗ್ ಬಟ್ಟೆ ಹಿಡಿದು ಮೆಟ್ಟಿಲಿಳಿಯಬೇಕು,
ಮಂಡಿಪೇಟೆಯ ಬಿಸಿಲಲ್ಲಿ ಸೆರಗಿಗೆ ಒತ್ತಿ ನೋಡಬೇಕು.
ಇಪ್ಪತ್ತೆರಡು ವರ್ಷ ಹಾಗೇ ನೋಡಿದ್ದೇನೆ.
ಆದರೆ ಗೋಡೆಯನ್ನು ಬೀದಿಗೆ ಒಯ್ಯುವುದು ಹೇಗೆ?

ಕಿಟಕಿಯ ಎಡಕ್ಕೊಂದು, ಬಲಕ್ಕೊಂದು,
ರವಿಕೆಯ ಬೆನ್ನಿನಷ್ಟಗಲ ಬಳಿದು ನಿಂತ ಹಾಲೇಶಿ.
ಡಬ್ಬದ ಮೇಲೆ ಬರೀ ನಂಬರು. ಹೆಸರು ನಾನೇ ಇಟ್ಟೆ:
ಇದು ಕಡೆದ ಮಜ್ಜಿಗೆ,
ಅದು ನೆನೆಸಿ ಸಿಪ್ಪೆ ಸುಲಿದ ಬಾದಾಮಿ.
"ಎರಡೂ ಒಂದಾ ಅಲ್ಲೇನಕ್ಕ? ನಾಕು ಹನಿ ಹೆಚ್ಚುಕಮ್ಮಿ."

ನಾಕು ಹನಿ.
ಕಂಕುಳಲ್ಲಿ ಕಾಲಿಂಚು ಕಮ್ಮಿಯಾಗಿ
ಮದುವೆಯ ದಿನ ಕೈ ಎತ್ತಲಾಗದೆ ನಿಂತವಳನ್ನು
ಕಂಡಿದ್ದೇನೆ ಹಾಲೇಶಿ.

ಬೆಳಿಗ್ಗೆ ಆರಕ್ಕೆ ಎರಡೂ ಬೂದಿ.
ಹತ್ತಕ್ಕೆ ಮಜ್ಜಿಗೆ ಗೆದ್ದಿತು.
ಹನ್ನೆರಡಕ್ಕೆ ಎದುರು ಮನೆಯ ತಗಡು
ಬಿಸಿಲನ್ನು ಒಳಗೆಸೆದು ಅದನ್ನು ಆಸ್ಪತ್ರೆ ಮಾಡಿತು.
ಬಾದಾಮಿಯ ಮುಂದೆ ಅಳತೆಗೆ ನಿಂತ ಮಹಾಂತಮ್ಮ ಟೀಚರ್
ಕನ್ನಡಿ ನೋಡಿ, "ಜುಬೇದಾ, ನನಗೇನು ಕಾಮಾಲೆನಾ?" ಅಂದರು.
ಸಂಜೆ ಅದೇ ಬಾದಾಮಿಗೆ ಎಂಥ ಕಳೆ!
ಅಷ್ಟರಲ್ಲಿ ಮಂಡಕ್ಕಿ ಭಟ್ಟಿಗಳು ಹೊತ್ತಿಕೊಂಡವು.

ನಮ್ಮ ಓಣಿಗೆ ಮೂರನೆಯ ಬಣ್ಣವೊಂದಿದೆ.
ಯಾರೂ ಕೊಳ್ಳುವುದಿಲ್ಲ, ಎಲ್ಲರ ಗೋಡೆಗೂ ಬರುತ್ತದೆ:
ಹೊಟ್ಟಿನ ಹೊಗೆ.
ಹಳೇ ಕ್ಯಾಲೆಂಡರ್ ತೆಗೆದರೆ ಗೊತ್ತಾಗುತ್ತದೆ,
ಜನವರಿಯಿಂದ ಡಿಸೆಂಬರ್ ಎಷ್ಟು ದೂರವೆಂದು.
"ಅದಕ್ಕೇ ಮೊದಲೇ ಬೂದು ಹೊಡೆಸಿಬಿಡು," ಅಂದಳು ನಾದಿನಿ.
ಸೋಲನ್ನು ದುಡ್ಡು ಕೊಟ್ಟು ತರಲೇ?

ನಾಲ್ಕನೆಯ ದಿನ ಒಂದು ಸೀರೆ ಬಂತು.
ಬದನೆಯೂ ಅಲ್ಲ, ನೇರಳೆಯೂ ಅಲ್ಲ, ಹೆಸರಿಲ್ಲದ್ದು.
ದಾರದ ಡಬ್ಬಿ ಸುರುವಿ, ಒಂದೊಂದೇ ಎಳೆ
ಎರಡೂ ತೇಪೆಗಳ ಮೇಲೆ ಹಿಡಿದೆ.
ಬಾದಾಮಿ ನಡುವೆ ಬಾಯಿ ಹಾಕಿತು,
ತನ್ನ ಹಳದಿ ಒಂದಿಷ್ಟು ಬೆರೆಸಿತು.
ಮಜ್ಜಿಗೆ ಸುಮ್ಮನಿತ್ತು.
ಎಳೆ ತಾನೇನೆಂದು ತಾನೇ ಹೇಳಿತು.

ಫೋನ್ ಮಾಡಿದೆ.
ಹಾಲೇಶಿ ಎರಡು ದಿನ ಬಳಿದ,
ಏಣಿಯ ಮೇಲೆ ಕೂತೇ ಮಿರ್ಚಿ ಮಂಡಕ್ಕಿ ತಿಂದ.
ಒಣಗಿದ ಮೇಲೆ ನಡುಮನೆಗೆ ಸರಿದು ನೋಡಿದರೆ
ಆ ತೇಪೆಯ ಬಣ್ಣ ಇದಲ್ಲವೇ ಅಲ್ಲ!
ನಾಲ್ಕೂ ಗೋಡೆ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು
ಒಂದು ಸುಳಿವು ಹಸಿರಿಗೆ ತಿರುಗಿವೆ.
ತುಂಡು ನೋಡಿ ಥಾನು ಕೊಳ್ಳಬೇಡಿ ಎಂದು
ಎಷ್ಟು ಜನಕ್ಕೆ ಹೇಳಿಲ್ಲ ನಾನು.

"ಹೆಂಗೈತಕ್ಕ?"
ಕುಂಚದ ತುದಿಯಿಂದ ಹನಿ ಬೀಳುತ್ತಿತ್ತು.
ಮೆಷಿನ್ನನ್ನು ಕಿಟಕಿಯತ್ತ ಎಳೆದು, ಚಕ್ರ ಒಮ್ಮೆ ತಿರುಗಿಸಿ,
"ಎರಡು ಸಲ ಒಗೆದರೆ ಸರಿಹೋಗುತ್ತೆ," ಅಂದೆ,
ಗಿರಾಕಿಗಳಿಗೆ ಹೇಳುವ ಅದೇ ದನಿಯಲ್ಲಿ.