ಅಕ್ಷರಕ್ಕೆ ಅರವತ್ತು ಸೆಂಟು

ಕೆತ್ತುವ ಸೆರಾಫಿಂ ಅಕ್ಷರಕ್ಕೆ ಅರವತ್ತು ಸೆಂಟು ಕೇಳುತ್ತಾನೆ,
ಅಂಕಿಗೂ ಅಷ್ಟೇ.
ಎರಡು ಪದಗಳ ನಡುವಿನ ಖಾಲಿ ಜಾಗ ಮಾತ್ರ ಪುಕ್ಕಟೆ.
ಲಿಸ್ಬನ್ನಿನ ಕಣ್ಣಿಗೆ ಬೀಳದ ಈ ಬೆಟ್ಟದೂರಿನ
ಪಂಚಾಯಿತಿಗೆ ನಾನೊಬ್ಬಳೇ ಗುಮಾಸ್ತೆ.
ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಚೆಸ್ಟ್‌ನಟ್ ಸುಡುವ ಹೊತ್ತಿಗೆ
ಈ ಲೆಕ್ಕ ನನ್ನ ತಲೆಗೆ ಕಟ್ಟುತ್ತಾರೆ:
ಒಬ್ಬರ ಒಳ್ಳೆಯತನ
ಅಂಗೈಯಗಲ ಹಿತ್ತಾಳೆಯಲ್ಲಿ, ಮೂರು ಸಾಲಿನೊಳಗೆ.

ಈ ಸಲ ನಾಲ್ವರು.

ಇದಲೀನ. ಕಾಡು ಹೊತ್ತಿಕೊಂಡ ಆಗಸ್ಟಿನಲ್ಲಿ
ಬೆಂಕಿ ನಂದಿಸಲು ಬಂದ ಹುಡುಗರಿಗೆ
ಒಂಬತ್ತು ದಿನ, ಹಗಲೂ ರಾತ್ರಿ, ಸಾರು ಕಾಸಿ ಬಡಿಸಿದಳು.
ಅತ್ತ ಗುಡ್ಡದ ಮೇಲೆ ಅವಳದೇ ಹದಿನಾರು ಜೇನುಪೆಟ್ಟಿಗೆ
ಮೇಣವಾಗಿ ಕರಗಿ ಕಲ್ಲಿಗಂಟಿತ್ತು.
"ಸಾರು ಅಂತ ಕೆತ್ತಿಸಬೇಡಿ, ಅಗ್ಗ ಕಾಣುತ್ತೆ,
ಸಹಕಾರ ಅನ್ನಿ" ಎಂದರು ಅಧ್ಯಕ್ಷರು.
ಎರಡಕ್ಷರ ಹೆಚ್ಚು. ತೆತ್ತೆವು.

ಆಮೇಲೆ ನಾರ್ಸಿಸು, ಅವನ ತಮ್ಮ ಅಬೀಲಿಯು.
ನೀರಿನ ಪಾಲಿಗೆ ಜಗಳವಾಡಿ
ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟವರು.
ಆದರೂ ಪ್ರತಿ ಮಾರ್ಚಿನಲ್ಲಿ ಊರ ಕಾಲುವೆಯ ಹೂಳನ್ನು
ಇವನು ಮೇಲಿನಿಂದ, ಅವನು ಕೆಳಗಿನಿಂದ
ಎತ್ತುತ್ತಾ ಬಂದು
ನಡುವೆ ಒಂದು ಗುದ್ದಲಿಯಷ್ಟು ಕೆಸರು
ಹಾಗೇ ಉಳಿಸಿ ಹೋಗುತ್ತಾರೆ.
ಅದನ್ನು ಯಾರಾದರೂ ದಾರಿಹೋಕರು ತೆಗೆಯಬೇಕು.
"ಇಬ್ಬರದೂ ಒಂದೇ ಒಕ್ಕಣೆ ಆದರೆ ನಾನು ಬರೋಲ್ಲ"
ಎಂದು ಇಬ್ಬರೂ
ಬೇರೆ ಬೇರೆ ದಿನ ಬಂದು ಹೇಳಿ ಹೋದರು.

ಇನ್ನು ಬೆಲ್ಮಿರು.
ಸಂಬಳವಿಲ್ಲದೆ ಊರ ಆಂಬುಲೆನ್ಸ್ ಓಡಿಸಿದವನು.
ಹೆರಿಗೆಗೆ ಹೊರಟ ಇಲ್ಲಿನ ಹೆಂಗಸರಿಗೆಲ್ಲ
ಅವನ ಮುಖಕ್ಕಿಂತ ಹಿಂಗತ್ತೇ ಪರಿಚಯ.

ನಮ್ಮಪ್ಪನನ್ನು ಒಯ್ಯಲು ಹೊರಟ ರಾತ್ರಿ ಮಂಜು.
ಹಾಳು ಗಿರಣಿಯ ಕವಲಿನಲ್ಲಿ ಎಡಕ್ಕೆ ಬರಬೇಕಾದವನು
ಬಲಕ್ಕೆ ಹೋದ.
ಅಂಗೈ ಗೆರೆಯಷ್ಟು ಗೊತ್ತಿದ್ದ ದಾರಿ.
ನಲವತ್ತು ನಿಮಿಷ.
ಅವನು ಬಾಗಿಲಿಗೆ ಬಂದಾಗ
ಅಪ್ಪನ ಕೈಗಡಿಯಾರವನ್ನು ಅಮ್ಮ ಬಿಚ್ಚಿಟ್ಟಾಗಿತ್ತು.

ಅವನು ಕ್ಷಮಿಸಿ ಅನ್ನಲಿಲ್ಲ. ನಾವು ಬಯ್ಯಲಿಲ್ಲ.
ಮರುವಾರ ಹಿತ್ತಲಲ್ಲಿ ಕೊಡಲಿ ಸದ್ದು.
ಓಕ್ ಸೌದೆಯನ್ನು ನಮ್ಮ ಒಲೆಯ ಬಾಯಿಯಳತೆಗೆ ಸೀಳಿ
ಗೋಡೆಗೊಟ್ಟಿ
ಅಮ್ಮ ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೋದ.
ಭಾನುವಾರ ತಪ್ಪದೆ ಬಂದ.
ಚಳಿ ಮುಗಿಯಿತು, ಬೇಸಿಗೆ ಬಂತು,
ಸೌದೆ ಬೇಡವಾದಾಗಲೂ ಬಂದ.
ಒಮ್ಮೆ ಕೊಡಲಿಯಿಲ್ಲದೆ ಬಂದು
ಸುಮ್ಮನೆ ರಾಶಿಯನ್ನು ಸರಿಪಡಿಸುತ್ತಾ ನಿಂತಿದ್ದ.

ಸಭೆಗೆ ಮೂವತ್ತೆಂಟು ಜನ. ಮೈಕು ಕಿರುಚಿತು.
ಫಲಕ ಕೊಡುವ ಅಧ್ಯಕ್ಷರಿಗೆ ಅಷ್ಟರಲ್ಲಿ ಫೋನು ಬಂದು
ಕೊನೆಯದನ್ನು ನಾನೇ ಕೊಡಬೇಕಾಯಿತು.
ಕನ್ನಡಕ ಮರೆತಿದ್ದ ಬೆಲ್ಮಿರು
ತೋಳು ಚಾಚಿ ದೂರ ಹಿಡಿದು ನೋಡಿ, ಸೋತು,
"ಓದು" ಎಂದ.
ಹೆಸರು ಓದಿದೆ. ಆಂಬುಲೆನ್ಸ್ ಓದಿದೆ.
ಮೂವತ್ತೊಂದು ವರ್ಷ ಎಂದು ಓದಿದೆ.

"ತಪ್ಪು" ಎಂದ, ನನಗಷ್ಟೇ ಕೇಳುವಂತೆ.
"ಮೂವತ್ತು. ಒಂದು ವರ್ಷ ನಾನು
ಸ್ಟಿಯರಿಂಗ್ ಮುಟ್ಟಲಿಲ್ಲ. ಯಾವ ವರ್ಷ ಅಂತ
ನಿನಗೇ ಗೊತ್ತು."

"ಗೊತ್ತು" ಎಂದೆ.
"ಅದನ್ನು ಸೇರಿಸಿದವಳು ನಾನೇ."

ಜನ ಚಪ್ಪಾಳೆ ತಟ್ಟಲು ಶುರುಮಾಡಿದ್ದರು,
ನಾವು ಏನೋ ತಮಾಷೆ ಮಾಡಿಕೊಂಡೆವು ಎಂದುಕೊಂಡು.
ಅವನು ಫಲಕವನ್ನು ಅಂಗಿಯ ತೋಳಿಗೆ ಒರೆಸಿದ,
ಹೊಸದು, ಒರೆಸುವಂಥದ್ದೇನೂ ಇರಲಿಲ್ಲ.
ಒಳಜೇಬಿಗೆ ಹಾಕಿಕೊಂಡ.

ಹೊರಗೆ ಚೆಸ್ಟ್‌ನಟ್ ಸಿಡಿಯುತ್ತಿತ್ತು.
ಅಣ್ಣತಮ್ಮ ಒಂದೇ ಬೆಂಕಿಯ ಆಚೆಗೊಬ್ಬ ಈಚೆಗೊಬ್ಬ
ಹೊಗೆಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು.
ಇದಲೀನ ಆಗಲೇ ಕೊರಳ ರಿಬ್ಬನ್ನನ್ನು ಬೆನ್ನಿಗೆ ತಿರುಗಿಸಿ
ಸೌಟು ಹಿಡಿದು
ತಲೆಗಳನ್ನು ಎಣಿಸುತ್ತಾ ಕೂಗಿದಳು:
ಯಾರಿಗಿನ್ನೂ ಸಿಕ್ಕಿಲ್ಲ?