ನೀರಗೆರೆ

ಒಂಬತ್ತು ವರ್ಷದಿಂದ ಹಡಗುಗಳ ಹೊಟ್ಟೆಗೆ ಬಣ್ಣ ಬಳಿಯುತ್ತೇನೆ.
ಗ್ದೀನಿಯಾದ ಹಡಗುಕಟ್ಟೆ, ಮೂರನೇ ಶೆಡ್ಡು.
ಕೆಳಗೆ ಕೆಂಪು, ಮೇಲೆ ಕಪ್ಪು, ನಡುವೆ ಒಂದು ಗೆರೆ.
ಆ ಗೆರೆ ಎಳೆಯಲು ನನ್ನನ್ನೇ ಕರೆಯುತ್ತಾರೆ.
ಬೋಗ್ನಾ ಎಳೆದ ಮೇಲೆ ಸಮುದ್ರ
ಒಪ್ಪಿಕೊಂಡು ಅಲ್ಲೇ ನಿಲ್ಲಬೇಕು
ಅನ್ನುತ್ತಾನೆ ಲೆಶೆಕ್.

ಅವನೇ ಕೇಳಿದ್ದು, ಊಟದ ಬಿಡುವಿನಲ್ಲಿ
ಉಪ್ಪುಸೌತೆ ಕಡಿಯುತ್ತಾ:
“ಹಡಗಿಗಾದರೆ ಚದರ ಮೀಟರಿಗೆ ಇಷ್ಟು ಅಂತಿದೆ.
ಚಿತ್ರಾನ ಯಾವ ಟೇಪು ಹಿಡಿದು ಅಳೀತಾರೆ?”
ನನಗೂ ಗೊತ್ತಿರಲಿಲ್ಲ. ಡಬ್ಬಿ ಮುಚ್ಚಿದೆ.

ಶನಿವಾರ ರೈಲು ಹತ್ತಿದೆ.
ಗ್ದಾನ್ಸ್ಕಿನ ಕಲಾಶಾಲೆ ಬಾಗಿಲು ತೆಗೆದು
ಯಾರು ಬೇಕಾದರೂ ಬಂದು ನೋಡಿ ಅನ್ನುವ ದಿನ.
ಸಾಲಿನಲ್ಲಿ ನನ್ನ ಮುಂದೆ ಹದಿನೆಂಟರ ಮಕ್ಕಳು,
ಹೆಗಲಲ್ಲಿ ಅವರಿಗಿಂತ ಅಗಲದ ಕಪ್ಪು ಚೀಲ.
ಯಾರದೋ ತಾಯಿ ತಿರುಗಿ ಕೇಳಿದಳು,
“ನಿಮ್ಮ ಮಗುವೂ ಒಳಗಿದೆಯಾ?”
ಹೌದೆಂದುಬಿಟ್ಟೆ.
ಆಮೇಲೆ ಆಕೆ ಮಗುವಿನ ಹೆಸರೂ ಕೇಳಿದಳು.

ಒಳಗೆ, ಮೂಗು ಹೋದ ಗಾರೆಯ ದೇವತೆಗಳು.
ಕಾವಿಲ್ಲದ ಕಾವಿನ ಕೊಳವೆಗಳು.
ಮೆಟ್ಟಿಲ ಕೆಳಗಿಂದ, ಆಗಷ್ಟೇ ಅತ್ತು ಮುಖ ತೊಳೆದ ಹುಡುಗಿ
ಎದ್ದು ಬಂದು ಸಿಗರೇಟು ಕೇಳಿದಳು.
“ಇಲ್ಲಿ ಇಷ್ಟವಾಗುತ್ತಾ?” ಎಂದೆ.
ಬಹಳ ಹೊತ್ತು ಯೋಚಿಸಿದಳು.
“ಮಂಗಳವಾರ ಮಾತ್ರ.”

ಮಣ್ಣಿನ ಕೋಣೆಯಲ್ಲಿ, ಮುಟ್ಟಿ ನೋಡಿ ಎಂದು
ಮೊಳೆಯಿಂದ ತೆಗೆದು ಒಂದು ನಿಲುವಂಗಿ ಕೊಟ್ಟರು.
ಕಟ್ಟೆಯಲ್ಲಿ ನಮಗೆ ಕೊಡುವುದು ಗಂಡಸರ ಅಳತೆ.
ಒಂಬತ್ತು ವರ್ಷ ತೋಳನ್ನು ಎರಡೆರಡು ಮಡಿಸಿದ ಕೈ
ಇಲ್ಲೂ ಮಡಿಸಲು ಹೋಯಿತು.
ಮಡಿಸಲು ಏನೂ ಇರಲಿಲ್ಲ.
ಕಿಸೆಯಲ್ಲಿ ಯಾರದೋ ಇದ್ದಿಲ ಚೂರು, ಟ್ರಾಮಿನ ಹಳೇ ಚೀಟಿ.
ನಾನು ಅಂಗಿ ಬಿಚ್ಚಿ ಮತ್ತೆ ಮೊಳೆಗೆ ಹಾಕಿದೆ,
ಕದ್ದವಳ ಹಾಗೆ, ಅವಸರದಲ್ಲಿ.

ಮೇಷ್ಟ್ರು ತೆಳ್ಳಗಿದ್ದರು, ವೆಜ್ಬಿಂಸ್ಕಿ ಅಂತ ಹೆಸರು.
ಬಣ್ಣದ ಡಬ್ಬಿಗಳ ಜೊತೆ ಬರುವ ಎಚ್ಚರಿಕೆಯ ಹಾಳೆಗಳು,
ಅವುಗಳ ಬೆನ್ನಿನ ಮೇಲೆ ನಾನು ಬರೆದದ್ದನ್ನು
ಒಂದೊಂದೇ ನೋಡಿದರು.
“ಇವುಗಳಲ್ಲಿ ಏನು ಹೇಳಬೇಕು ಅಂತಿದ್ದೀರಿ?”
ಹೇಳುವುದೇನಿದೆ ಸ್ವಾಮಿ.
ತುಕ್ಕಿನಲ್ಲಿ ಹನ್ನೊಂದು ಬಗೆ, ಹೆಸರಿರುವುದು ಎರಡಕ್ಕೆ,
ಉಳಿದ ಒಂಬತ್ತನ್ನು ನಾನು ದಿನಾ ಮುಚ್ಚುತ್ತೇನೆ
ಎನ್ನಬಹುದಿತ್ತು.
“ಕೆಂಪು” ಎಂದೆ. ಅಷ್ಟೇ ಬಾಯಿಗೆ ಬಂತು.

ಅವರು ಹಾಳೆಯನ್ನು ತಲೆಕೆಳಗಾಗಿ ಹಿಡಿದು
ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ,
ಹಲ್ಲು ಕೀಳುವ ಡಾಕ್ಟರರ ಮೆದು ದನಿಯಲ್ಲಿ:
“ಇಲ್ಲಿ ಸೇರಿದರೆ, ಮೊದಲು ನಾವು
ನಿಮ್ಮ ಈ ಗೆರೆಯನ್ನು ಕೆಡಿಸುತ್ತೇವೆ.
ಗೊತ್ತಿದ್ದು ಬನ್ನಿ.”

ಕೈ ತೊಳೆಯಲು ಹೋದೆ.
ತೊಟ್ಟಿಯಲ್ಲಿ ಎಷ್ಟು ಕಾಲದ ಕುಂಚಗಳು ತೊಳೆದುಕೊಂಡಿದ್ದವೋ,
ಬಣ್ಣ ಮರದ ತೊಗಟೆಯ ಹಾಗೆ ಗಟ್ಟಿಯಾಗಿತ್ತು.
ಉಗುರಿನಿಂದ ಕೆರೆದೆ. ಬಿಳಿ. ಮಣ್ಣುಬಣ್ಣ.
ಅದರಡಿ ಒಂದು ಹಸಿರು, ಈಗ ಯಾರೂ ಮಾಡದ್ದು.
ಹಳೇ ಹಡಗು ಕೆರೆದರೂ ಹೀಗೆಯೇ,
ಹಿಂದಿನ ಮಾಲೀಕ, ಅವನ ಹಿಂದಿನವ,
ಒಮ್ಮೊಮ್ಮೆ ಒಂದು ಹೆಂಗಸಿನ ಹೆಸರು.

“ಕೆರೀಬೇಡ,” ನೆಲ ಒರೆಸುತ್ತಿದ್ದಾಕೆ ಗದರಿದಳು,
“ಕೆಳಗಡೆ ಸೀಸ ಇದೆ.”
ನನ್ನ ರಕ್ತದಲ್ಲೂ ಇದೆ ಅಮ್ಮಾ,
ಮಾರ್ಚಿನ ತಪಾಸಣೆಯಲ್ಲಿ ಬಂತು ಎಂದೆ.
ಆಕೆ ಬಕೆಟ್ಟು ಸರಿಸಿ ಪಕ್ಕದಲ್ಲಿ ನಿಂತಳು.
ಇಬ್ಬರೂ ಆ ಹಸಿರು ನೋಡಿದೆವು.

ಸೋಮವಾರ, ಒಂದು ಧಾನ್ಯದ ಹಡಗು.
ಅಟ್ಟಣಿಗೆ ಹತ್ತಿ, ಹಿಂದಲೆಯಿಂದ ಶುರು ಮಾಡಿ
ನಡುಮೈಗೆ ಬಂದಾಗ
ಪಟ್ಟಿ ಕಿತ್ತು, ಕೈಯನ್ನು ಅದರ ಪಾಡಿಗೆ ಬಿಟ್ಟೆ.
ಗೆರೆ ಒಂದು ಬೆರಳಷ್ಟು ಎದ್ದು, ಇಳಿಯಿತು.

ಕೆಳಗಿಂದ ಲೆಶೆಕ್ ಕೂಗಿದ, “ಏನೇ, ಅಲೆ ಬಂತಾ?”

ಒಣಗಲು ನಾಲ್ಕು ಗಂಟೆ ಬೇಕು.
ಅಷ್ಟರೊಳಗೆ ಒರೆಸಿದರೆ ಯಾರಿಗೂ ತಿಳಿಯುವುದಿಲ್ಲ.
ಒರೆಸುವ ಚಿಂದಿ ಕಿಸೆಯಲ್ಲೇ ಇತ್ತು,
ಮಡಿಸಿಟ್ಟ ಅರ್ಜಿಯೂ.